ಕಪ್ಪಾದ ಹೆಬ್ಬೆರಳು, ಎಬಿಐ 1.52, ತೊಡೆಯ ನಾಳ 16 ಸೆಂ.ಮೀ. ಪೂರ್ತಿ ಬಂದ್: ಬಲೂನೋ, ಬೈಪಾಸೋ?

ತಾಲೂಕು_ಡ್ಯೂಟಿ ಕೇಳಿದ್ದು:

ರೋಗಿಗೆ 66 ವರ್ಷ, ಗಂಡಸು. ಸಕ್ಕರೆ ಕಾಯಿಲೆ ಶುರುವಾಗಿ 18 ವರ್ಷ. ಬಲಗಾಲಿನ ಹೆಬ್ಬೆರಳ ತುದಿ ಕಪ್ಪಗೆ ಒಣಗಿದೆ. ಬುಡದಲ್ಲಿ ಒಂದೂವರೆ ಸೆಂ.ಮೀ. ಹುಣ್ಣು. ಕೀವಿಲ್ಲ, ಜ್ವರವಿಲ್ಲ. ರಾತ್ರಿ ಕಾಲು ಸೆಳೆಯುತ್ತದೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ತುಸು ಹಾಯ್ ಅನಿಸುತ್ತದೆ. ತೊಡೆಸಂದಿನ ನಾಡಿ ಚೆನ್ನಾಗಿ ಸಿಗುತ್ತದೆ. ಮಂಡಿ ಹಿಂದೆ ಇಲ್ಲ, ಪಾದದಲ್ಲೂ ಇಲ್ಲ.

ಎಬಿಐ (ಹಿಮ್ಮಡಿ ಗಂಟಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದ್ದು) 1.52 ಬಂದಿದೆ. ಹೆಬ್ಬೆರಳ ಒತ್ತಡ 24 ಮಿ.ಮೀ. ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ವರದಿ: ಕಾಮನ್ ಫೆಮೊರಲ್ (ತೊಡೆಸಂದಿನ ಮುಖ್ಯ ಅಪಧಮನಿ) ಮತ್ತು ಪ್ರೊಫಂಡಾ (ಅದರಿಂದ ತೊಡೆಯ ಆಳಕ್ಕೆ ಹೋಗುವ ಕವಲು) ಸರಿಯಿವೆ. ಸೂಪರ್‌ಫಿಷಿಯಲ್ ಫೆಮೊರಲ್ (ತೊಡೆಯುದ್ದ ಇಳಿಯುವ ಕವಲು) ತೊಡೆಯ ನಡುಭಾಗದಿಂದ ಸುಮಾರು 16 ಸೆಂ.ಮೀ. ಪೂರ್ತಿ ಮುಚ್ಚಿದೆ. ಮಂಡಿಯ ಹಿಂದೆ ಪಾಪ್ಲಿಟಿಯಲ್ ಮತ್ತೆ ತುಂಬಿಕೊಳ್ಳುತ್ತದೆ. ಮಂಡಿ ಕೆಳಗಿನ ಮೂರು ನಾಳಗಳಲ್ಲಿ ಆಂಟೀರಿಯರ್ ಟಿಬಿಯಲ್ ಅರ್ಧ ಕಾಲಿನ ತನಕ ಇದ್ದು ಆಮೇಲೆ ಅಲ್ಲಲ್ಲಿ ಬಿಗಿದಿದೆ, ಪೋಸ್ಟೀರಿಯರ್ ಟಿಬಿಯಲ್ ಇಲ್ಲವೇ ಇಲ್ಲ, ಪೆರೋನಿಯಲ್ ಇದೆ. ಕ್ರಿಯಾಟಿನಿನ್ 1.9, ಅಂದರೆ ಇಜಿಎಫ್‌ಆರ್ (ಕಿಡ್ನಿ ಸೋಸುವ ಪ್ರಮಾಣ) 38ರ ಆಸುಪಾಸು. ಎಕೋದಲ್ಲಿ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಶೇ. 45.

ದೊಡ್ಡಾಸ್ಪತ್ರೆಗೆ ಕಳಿಸುವುದು ಖಚಿತ. ಮನೆಯವರು ಮಾತ್ರ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಾರೆ, ಸರಿಯಾಗಿ ಹೇಳಿ ಕಳಿಸಬೇಕು. ಎಬಿಐ ಒಂದಕ್ಕಿಂತ ಜಾಸ್ತಿ ಇದ್ದರೂ ಬೆರಳು ಏಕೆ ಸತ್ತಿತು? ಇಷ್ಟುದ್ದದ ಬ್ಲಾಕನ್ನು ಸೂಜಿ ಚುಚ್ಚಿದ ತೂತಿನಲ್ಲೇ ಬಲೂನು ಕಳಿಸಿ ತೆರೆಯಬಹುದೆ, ಬೈಪಾಸ್ ಬೇಕೆ? ಸ್ಟೆಂಟ್ ಹಾಕಿಸಲೇಬೇಕೆ? ಕಿಡ್ನಿ ಕತೆ ಏನು? ಬೆರಳನ್ನು ಇಲ್ಲೇ ಈಗಲೇ ತೆಗೆದು ಕಳಿಸಿದರೆ ತಪ್ಪೆ? ಸಿ.ಟಿ. ಆಂಜಿಯೋ ಮಾಡಿಸಿಯೇ ಕಳಿಸಿ ಅಂತ ಒಬ್ಬರು ಹೇಳಿದರು, ಅದಕ್ಕೂ ಉತ್ತರ ಬೇಕು.

---

ರೇಡಿಯೋ_ಸೂಜಿ:

ಮೊದಲು ಬೆರಳು. ಮುಟ್ಟಬೇಡಿ. ಒಣ ಗ್ಯಾಂಗ್ರೀನ್, ಸೋಂಕಿಲ್ಲ, ಒತ್ತಡ 24. ಈ ರಕ್ತದ ಹರಿವಿನಲ್ಲಿ ಕತ್ತರಿಸಿದರೆ ಕತ್ತರಿಸಿದ ಅಂಚೇ ಕಪ್ಪಾಗುತ್ತದೆ, ಮತ್ತೆ ಅರ್ಧ ಪಾದ, ಆಮೇಲೆ ಮಂಡಿ ಕೆಳಗೆ. ಒಣಗಿಸಿ, ಬೆರಳುಗಳ ನಡುವೆ ಗಾಜ್ ಇಟ್ಟು, ಭಾರ ಬೀಳದಂತೆ ನೋಡಿಕೊಂಡು ಕಳಿಸಿ. ಲೆಕ್ಕ ತಿರುಗಿಬೀಳುವುದು ಕೀವು, ದುರ್ವಾಸನೆ, ಚರ್ಮದಡಿ ಗಾಳಿ ಕಂಡಾಗ. ಆಗ ರಕ್ತನಾಳಕ್ಕೆ ಕಾಯುವಂತಿಲ್ಲ. ಅದೇ ದಿನ ಕೀವು ಬಿಡಿಸಿ, ನಾಳದ ಕೆಲಸ ಅದರ ಬೆನ್ನಿಗೇ ಆಗಬೇಕು.

ಎಬಿಐ: ಸಕ್ಕರೆ ಕಾಯಿಲೆಯವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಮೀನಖಂಡದ ಅಪಧಮನಿಯ ನಡುಪದರದಲ್ಲಿ ಸುಣ್ಣ ಕೂರುತ್ತದೆ. ಕಫ್ ಉಬ್ಬಿಸಿದರೂ ನಾಳ ಅದುಮಿಕೊಳ್ಳುವುದಿಲ್ಲ, ಕಬ್ಬಿಣದ ಕೊಳವೆ ಅದುಮಿದ ಹಾಗೆ. ಯಂತ್ರ ತೋರಿಸುವುದು ಕೊಳವೆಯ ಗಟ್ಟಿತನವನ್ನು, ಒಳಗಿನ ರಕ್ತದ ಒತ್ತಡವನ್ನಲ್ಲ. 0.90 ಅಥವಾ ಕಡಿಮೆ ಇದ್ದರೆ ರೋಗ, 1.40 ದಾಟಿದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಬೆರಳ ನಾಳಗಳಲ್ಲಿ ಸುಣ್ಣ ಕಡಿಮೆ, ಆದ್ದರಿಂದ ಬೆರಳ ಒತ್ತಡ ನಂಬಬಹುದು. 30ಕ್ಕಿಂತ ಕೆಳಗೆ ಅಂದರೆ ವೈಫೈ (WIfI: ಹುಣ್ಣು, ರಕ್ತಕೊರತೆ, ಸೋಂಕು ಅಳೆಯುವ) ಪಟ್ಟಿಯಲ್ಲಿ ರಕ್ತಕೊರತೆಯ 3ನೇ ದರ್ಜೆ. ಅದಕ್ಕಿಂತ ಕೆಟ್ಟ ದರ್ಜೆ ಇಲ್ಲ.

ಬೆರಳಿನ ಕಫ್ ಇಲ್ಲದ ಕಡೆ ಮಾಡಬಹುದಾದ್ದು ಒಂದಿದೆ. ರೋಗಿಯನ್ನು ಅಂಗಾತ ಮಲಗಿಸಿ, ಕೈ ಡಾಪ್ಲರನ್ನು ಪಾದದ ನಾಳದ ಮೇಲಿಟ್ಟು, ಕಾಲನ್ನು ಮೆಲ್ಲಗೆ ಮೇಲೆತ್ತುತ್ತಾ ಹೋಗಿ. ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಎದೆಯ ಮಟ್ಟದಿಂದ ಎತ್ತರ ಅಳೆಯಿರಿ. ಒಂದು ಸೆಂ.ಮೀ.ಗೆ ಸುಮಾರು 0.77 ಮಿ.ಮೀ. ಪಾದರಸ. 50 ಸೆಂ.ಮೀ.ಗೆ ಸದ್ದು ಹೋದರೆ ಒತ್ತಡ 38ರ ಸುತ್ತಮುತ್ತ. ಸುಣ್ಣ ಎಷ್ಟಿದ್ದರೂ ಈ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಇಲ್ಲಿ ನಾವು ಏನನ್ನೂ ಅದುಮುತ್ತಿಲ್ಲ.

ಸಿ.ಟಿ. ಬೇಡ. ಟಿಬಿಯಲ್‌ಗಳಲ್ಲಿ ಸುಣ್ಣ ಬೆಳ್ಳಗೆ ಹರಡಿಕೊಂಡು ಒಳದಾರಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗುವುದಿಲ್ಲ. ಅದಕ್ಕೆ ಸುರಿಯುವ 80–100 ಮಿ.ಲೀ. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ದ್ರವ) ಈ ಕಿಡ್ನಿಗೆ ದಂಡ. ಡಾಪ್ಲರಿನಲ್ಲಿ ಕಾಮನ್ ಫೆಮೊರಲ್ ಸ್ವಚ್ಛ, ತೊಡೆಸಂದಿನ ನಾಡಿ ಚೆನ್ನ ಎಂದ ಮೇಲೆ ಯೋಜನೆ ಹಾಕಲು ಇಷ್ಟು ಸಾಕು. ಉಳಿದದ್ದನ್ನು ಮೇಜಿನ ಮೇಲೇ ನೋಡಬಹುದು.

ಇನ್ನು ದಾರಿ. ಬ್ಲಾಕ್ ಶುರುವಾಗುವುದು ತೊಡೆಯ ನಡುವೆ, ಮೇಲೆ ಒಂದಿಷ್ಟು ತೆರೆದ ನಾಳವಿದೆ. ಹಾಗಾಗಿ ಅದೇ ಕಾಲಿನ ತೊಡೆಸಂದಿನಿಂದ ಕೆಳಮುಖವಾಗಿ ಚುಚ್ಚುವುದು ನನ್ನ ಆಯ್ಕೆ. ದೂರ ಕಡಿಮೆ, ತಳ್ಳುವ ಬಲ ಪೂರಾ ಸಿಗುತ್ತದೆ, ಪಾದದವರೆಗೂ ಸಾಮಾನು ತಲುಪುತ್ತದೆ. ಎದುರು ಕಾಲಿನಿಂದ ಅಯೋರ್ಟಾ ಕವಲು ದಾಟಿ ಬಂದರೆ 45 ಸೆಂ.ಮೀ. ಶೀತ್ (ಸಾಮಾನು ಒಳಕಳಿಸುವ ಕೊಳವೆ) ಬೇಕು, ಪಾದದ ಹತ್ತಿರ ಹೋಗುವಷ್ಟರಲ್ಲಿ ವೈರಿನ ಹಿಡಿತ ಸಡಿಲ. ಹೊಟ್ಟೆ ಜೋತು ಬಿದ್ದಿದ್ದರೆ ಅಥವಾ ಬ್ಲಾಕ್ ನಾಳದ ಬುಡದಿಂದಲೇ ಇದ್ದರೆ ಮಾತ್ರ ಎದುರು ಕಾಲು.

ಕೆಳಮುಖ ಚುಚ್ಚುವಿಕೆಯಲ್ಲಿ ಎಡವುವುದು ಎರಡು ಕಡೆ. ಸೂಜಿ ಓರೆಯಾಗಿ ಇಳಿಯುವುದರಿಂದ ಚರ್ಮವನ್ನು ಎರಡು ಮೂರು ಸೆಂ.ಮೀ. ಮೇಲೆಯೇ ಚುಚ್ಚಬೇಕು, ಆದರೆ ಸೂಜಿ ನಾಳದೊಳಗೆ ಹೊಗುವ ಜಾಗ ತೊಡೆಮೂಳೆಯ ತಲೆಯ ಮೇಲೇ ಇರಬೇಕು. ಅದಕ್ಕಿಂತ ಮೇಲಾದರೆ ಆಮೇಲೆ ಅದುಮಲು ಹಿಂದೆ ಮೂಳೆ ಇಲ್ಲ, ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರುತ್ತದೆ. ಕೆಳಗಾದರೆ ಕವಲು ದಾಟಿ ಸೂಡೋಅನ್ಯೂರಿಸಮ್ (ತೂತಿನಿಂದ ಸೋರಿದ ರಕ್ತದ ಗುಳ್ಳೆ) ಆಗುತ್ತದೆ. ಎರಡನೆಯದು, ವೈರ್ ಹಟ ಹಿಡಿದು ಪ್ರೊಫಂಡಾಕ್ಕೆ ನುಗ್ಗುವುದು. ಅಲ್ಟ್ರಾಸೌಂಡ್ ನೋಡಿಕೊಂಡು ಮುಂಗೋಡೆಗೆ ಚುಚ್ಚಿದರೆ ಎರಡೂ ತಪ್ಪುತ್ತವೆ. ಈ ಕಾಲದಲ್ಲೂ ಕೈಬೆರಳ ಅಂದಾಜಿನಲ್ಲಿ ಚುಚ್ಚುವುದಕ್ಕೆ ಸಮರ್ಥನೆ ಇಲ್ಲ ಎಂದೇ ನನ್ನ ಅಭಿಪ್ರಾಯ.

16 ಸೆಂ.ಮೀ. ಬ್ಲಾಕ್ ದಾಟುವುದು. 6 ಫ್ರೆಂಚ್ (2 ಮಿ.ಮೀ.) ಶೀತ್, ಹೆಪ್ಪು ತಡೆಯುವ ಹೆಪಾರಿನ್ ಕೆ.ಜಿ.ಗೆ 70–100 ಯೂನಿಟ್, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 250 ಸೆಕೆಂಡಿನ ಹತ್ತಿರ. 0.035 ಇಂಚಿನ ತುದಿ ಬಾಗಿದ ಜಾರು ವೈರ್, ಜೊತೆಗೆ ಸಪೋರ್ಟ್ ಕ್ಯಾಥೆಟರ್. ಹಳೇ ಬ್ಲಾಕ್ ಆದರೆ ವೈರ್ ನಡುದಾರಿ ಬಿಟ್ಟು ಗೋಡೆಯ ಪದರಗಳ ನಡುವೆ ಇಳಿಯುತ್ತದೆ. ಅದು ತಪ್ಪಲ್ಲ, ಅದೇ ಒಂದು ವಿಧಾನ. ವೈರ್ ತುದಿಯನ್ನು ಚಿಕ್ಕ ಕುಣಿಕೆ ಮಾಡಿ ತಳ್ಳುತ್ತಾ ಹೋದರೆ ಪದರ ಬಿಡಿಸಿಕೊಂಡು ಸಾಗುತ್ತದೆ. ಕುಣಿಕೆ ಅಗಲವಾಯಿತೋ, ನಾಳ ಹರಿಯುವ ಸೂಚನೆ. ನಿಲ್ಲಿಸಿ, ಹಿಂದೆ ತೆಗೆದು, ಕ್ಯಾಥೆಟರ್ ತಿರುಗಿಸಿ ಬೇರೆ ದಿಕ್ಕು ಹಿಡಿಯಬೇಕು.

ಕಷ್ಟ ಇರುವುದು ಇಳಿಯುವುದರಲ್ಲಲ್ಲ, ಒಳಗೆ ವಾಪಸ್ ಬರುವುದರಲ್ಲಿ. ನಾಳ ಮತ್ತೆ ತೆರೆದುಕೊಳ್ಳುವ ಜಾಗದಲ್ಲೇ ಒಳದಾರಿಗೆ ಮರಳಬೇಕು. ಮರಳಲಿಲ್ಲವೆಂದು ಪದರದಲ್ಲೇ ಇನ್ನೂ ಐದಾರು ಸೆಂ.ಮೀ. ಕೆಳಕ್ಕೆ ಹೋದರೆ ಪಾದವನ್ನು ಇಷ್ಟು ದಿನ ಬದುಕಿಸಿದ್ದ ಬಳಸುದಾರಿಯ ಸಣ್ಣ ನಾಳಗಳು ಮುಚ್ಚುತ್ತವೆ. ಜೊತೆಗೆ ನಾಳೆ ಬೈಪಾಸ್ ಹೊಲಿಯಲು ಇದ್ದ ಜಾಗವೂ ಹಾಳು. ಇಂಥಲ್ಲಿ ರೀಎಂಟ್ರಿ ಕ್ಯಾಥೆಟರ್ ಬಳಸಬೇಕು, ಇಲ್ಲವೇ ಪಾದದ ಕಡೆಯಿಂದ 21 ಗೇಜ್ ಸೂಜಿಯಲ್ಲಿ ಚುಚ್ಚಿ 0.018 ವೈರ್ ಮೇಲಕ್ಕೆ ಕಳಿಸಿ ಎರಡನ್ನೂ ಕೂಡಿಸಬೇಕು. ದಾಟಿದ ಮೇಲೆ ಕ್ಯಾಥೆಟರಿನಿಂದ ರಕ್ತ ಹಿಂದೆ ಬರುತ್ತದೆಯೇ ನೋಡಿ, ಎರಡು ಮಿ.ಲೀ. ಕಾಂಟ್ರಾಸ್ಟ್ ಬಿಟ್ಟು ಒಳಗಿದ್ದೇವೆ ಎಂದು ಖಾತ್ರಿಯಾಗುವ ತನಕ ಬಲೂನಿಗೆ ಕೈ ಹಾಕಬಾರದು.

ತೊಡೆಗೆ 5 ಮಿ.ಮೀ. ಬಲೂನು, ಉದ್ದ 150 ಅಥವಾ 200 ಮಿ.ಮೀ., ಕಂಪನಿ ಬರೆದ ನಾಮಿನಲ್ ಒತ್ತಡಕ್ಕೆ ಏರಿಸಿ 2–3 ನಿಮಿಷ ಹಿಡಿಯುವುದು. ಅವಸರದಲ್ಲಿ ಮೂವತ್ತು ಸೆಕೆಂಡಿಗೆ ಇಳಿಸಿದರೆ ಗೋಡೆ ಹೆಚ್ಚು ಸೀಳುತ್ತದೆ, ಆ ಸೀಳು ಮುಚ್ಚಲು ಸ್ಟೆಂಟ್ ಬೇಕಾಗುತ್ತದೆ. ಎಷ್ಟೋ ಸ್ಟೆಂಟುಗಳು ಹೋಗುವುದು ಈ ಅವಸರದ ಖಾತೆಗೆ. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ (ನಾಳ ಮತ್ತೆ ಬಿಗಿಯದಂತೆ ತಡೆಯುವ ಔಷಧ) ಲೇಪಿಸಿದ ಬಲೂನು. ಹರಿವು ತಡೆಯುವಂಥ ಸೀಳು ಉಳಿದರೆ ಅಥವಾ ಶೇ. 30ಕ್ಕಿಂತ ಹೆಚ್ಚು ಬಿಗಿತ ಉಳಿದರೆ, ಆ ತುಣುಕಿಗಷ್ಟೇ ನಿಟಿನಾಲ್ ಸ್ಟೆಂಟ್. ಮಂಡಿ ಮಡಚುವ ಜಾಗದಲ್ಲಿ ಸ್ಟೆಂಟ್ ಆದಷ್ಟೂ ಬೇಡ, ಅಲ್ಲಿ ನಾಳ ಮಡಚುತ್ತದೆ, ತಿರುಚುತ್ತದೆ, ಗಿಡ್ಡವಾಗುತ್ತದೆ. ಲೋಹ ಮುರಿಯುತ್ತದೆ.

ಔಷಧ ಲೇಪದ ಬಗ್ಗೆ ಮನೆಯವರು ಗೂಗಲ್ ನೋಡಿ ಬಂದು ಕೇಳಿದರೆ: 2018ರ ಡಿಸೆಂಬರಿನಲ್ಲಿ ಒಂದು ಒಟ್ಟು ವಿಶ್ಲೇಷಣೆ ಪ್ಯಾಕ್ಲಿಟ್ಯಾಕ್ಸೆಲ್ ಸಾಮಾನುಗಳಿಂದ ಸಾವು ಹೆಚ್ಚೆಂದು ಗುಲ್ಲೆಬ್ಬಿಸಿತು, ಹೆಚ್ಚಿನ ಮಾಹಿತಿ ನೋಡಿದ ಅಮೆರಿಕದ ಎಫ್‌ಡಿಎ (ಔಷಧ ನಿಯಂತ್ರಣ ಸಂಸ್ಥೆ) 2023ರ ಜುಲೈನಲ್ಲಿ, ಸಿಕ್ಕ ದಾಖಲೆಗಳು ಆ ಅಪಾಯವನ್ನು ಬೆಂಬಲಿಸುವುದಿಲ್ಲ ಎಂದಿತು.

ತೊಡೆ ತೆರೆದು ಕೈ ತೊಳೆದುಕೊಂಡರೆ ಈ ಬೆರಳು ಉಳಿಯುವುದಿಲ್ಲ. ಹುಣ್ಣಿರುವ ಕಾಲಿಗೆ ತೊಡೆಸಂದಿನಿಂದ ಪಾದದ ತನಕ ಕಡಿಯದ ಒಂದಾದರೂ ನೇರ ಸಾಲು ಬೇಕು. ಹೆಬ್ಬೆರಳ ಮೇಲ್ಭಾಗಕ್ಕೆ ರಕ್ತ ಬರುವುದು ಆಂಟೀರಿಯರ್ ಟಿಬಿಯಲ್, ಅದರ ಮುಂದಿನ ಡಾರ್ಸಾಲಿಸ್ ಪೀಡಿಸ್‌ನಿಂದ. ಇವರಲ್ಲಿ ಅರ್ಧ ದಾರಿ ಆಗಲೇ ತೆರೆದಿದೆ. ಅದನ್ನೇ ಹಿಡಿಯಬೇಕು: 0.014 ವೈರ್, 2.5 ಮಿ.ಮೀ. ದಪ್ಪದ ಉದ್ದ ಬಲೂನು, 3 ನಿಮಿಷ. ಟಿಬಿಯಲ್ ನಾಳ ರಬ್ಬರಿನಂತೆ ಹಿಂದಕ್ಕೆ ಬಿಗಿಯುತ್ತದೆ. ಬಲೂನು ಇಳಿಸಿದ ಕೂಡಲೇ ತೆಗೆದ ಚಿತ್ರ ಸುಂದರವಾಗಿರುತ್ತದೆ, ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆದ ಚಿತ್ರವೇ ನಿಜ. ಸೆಳೆತ ಇದ್ದರೆ ಬಿ.ಪಿ. ನೋಡಿಕೊಂಡು ನೈಟ್ರೋಗ್ಲಿಸರಿನ್ 100–200 ಮೈಕ್ರೋಗ್ರಾಂ ನಾಳದೊಳಗೆ.

ಕಿಡ್ನಿಗೆ ನನ್ನ ಲೆಕ್ಕ: ಕಾಂಟ್ರಾಸ್ಟ್ ಮಿ.ಲೀ. ಇಜಿಎಫ್‌ಆರ್‌ನ ಎರಡು ಪಟ್ಟು ದಾಟಬಾರದು. ಇವರಿಗೆ 76. ತೊಡೆಯ ಚಿತ್ರಗಳನ್ನು ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೆಗೆಯಬಹುದು, ಮಂಡಿ ಕೆಳಗೆ ಅರ್ಧ ಸಲೈನ್ ಬೆರೆಸಿದ ಕಾಂಟ್ರಾಸ್ಟ್. ಸಲೈನ್ ಗಂಟೆಗೆ ಕೆ.ಜಿ.ಗೆ 1 ಮಿ.ಲೀ. ಕೊಡುವುದು ರೂಢಿ, ಇಎಫ್ 45 ಇರುವುದರಿಂದ ಅರ್ಧಕ್ಕೆ ಇಳಿಸಿ. ಬ್ರೂಫೆನ್, ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ರಾತ್ರಿ ನೋವಿಗೆ ಯಾರಾದರೂ ಖಂಡಿತಾ ಕೊಟ್ಟಿರುತ್ತಾರೆ.

ಒಂದು ಉಪಕಥೆ. ಈ ಚಿಕಿತ್ಸೆ ಹುಟ್ಟಿದ್ದೇ ಇಂಥ ಕಾಲಿನಿಂದ. 1964ರ ಜನವರಿ 16ರಂದು ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ 82 ವರ್ಷದ ಹೆಂಗಸಿನ ತೊಡೆಯ ನಾಳದ ಬಿಗಿತವನ್ನು ತೆರೆದರು. ಬೆರಳು ಗ್ಯಾಂಗ್ರೀನ್ ಆಗಿತ್ತು, ಕಾಲು ಕತ್ತರಿಸಲು ಆಕೆ ಒಪ್ಪಿರಲಿಲ್ಲ. ಬಲೂನು ಆಗ ಇರಲಿಲ್ಲ, ಒಂದರ ಮೇಲೊಂದು ತೂರಿಸುವ ಟೆಫ್ಲಾನ್ ಕೊಳವೆಗಳಷ್ಟೇ. ಹೃದಯದ ಆಂಜಿಯೋಪ್ಲಾಸ್ಟಿ ಬಂದದ್ದು ಅದಾಗಿ 13 ವರ್ಷಕ್ಕೆ.

---

ಕತ್ತರಿ_ದಾರ:

ಸೂಜಿಯವರೇ, ದಾಟುವ ಬಗ್ಗೆ ಬರೆದದ್ದಕ್ಕೆ ತಕರಾರಿಲ್ಲ. ಆದರೆ ಇಡೀ ಉತ್ತರದಲ್ಲಿ ರಕ್ತಧಮನಿಯೇ ತುಂಬಿದೆ, ಅಭಿಧಮನಿಯ ಮಾತೇ ಇಲ್ಲ. ಈ ರೋಗಿಗೆ ಒಳ್ಳೆಯ ಗ್ರೇಟ್ ಸಫೇನಸ್ ಸಿರೆ (ಬೈಪಾಸ್ ಹೊಲಿಯಲು ತೆಗೆದು ಬಳಸುವ ಕಾಲಿನ ಅಭಿಧಮನಿ) ಇದೆಯೇ ಎಂದು ಯಾರೂ ನೋಡಿಲ್ಲ.

2022ರ ನವೆಂಬರಿನಲ್ಲಿ ಬಂದ ಬೆಸ್ಟ್-ಸಿಎಲ್‌ಐ ಎಂಬ, ಬೈಪಾಸನ್ನು ತೂತಿನ ಚಿಕಿತ್ಸೆಗೆ ಹೋಲಿಸಿದ ಪ್ರಯೋಗದಲ್ಲಿ 1,830 ಜನ. ಒಂದೇ ತುಂಡಿನ ಒಳ್ಳೆಯ ಸಫೇನಸ್ ಸಿರೆ ಇದ್ದ ಗುಂಪಿನಲ್ಲಿ, ಕಾಲಿಗೆ ದೊಡ್ಡ ತೊಂದರೆ ಅಥವಾ ಸಾವು ಬೈಪಾಸ್ ಆದವರಲ್ಲಿ ಶೇ. 42.6, ತೂತಿನ ಚಿಕಿತ್ಸೆಯವರಲ್ಲಿ ಶೇ. 57.4. ಸಿರೆ ಇಲ್ಲದ ಗುಂಪಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂದರೆ ಬಲೂನೋ ಬೈಪಾಸೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಸಿರೆಯಲ್ಲಿದೆ. ಡಾಪ್ಲರ್ ಮಾಡುವವರಿಗೆ ಎರಡೂ ಕಾಲಿನ ಸಿರೆ ಅಳೆಯಲು ಹೇಳಿ: ಬೆಚ್ಚಗಿನ ಕೋಣೆ, ಕಾಲು ಇಳಿಬಿಟ್ಟು ಅಥವಾ ಟೂರ್ನಿಕೆ ಕಟ್ಟಿ, ಉದ್ದಕ್ಕೂ 3 ಮಿ.ಮೀ. ಇದ್ದರೆ ಬಳಸಬಹುದು. ತಣ್ಣನೆಯ ಎ.ಸಿ. ಕೋಣೆಯಲ್ಲಿ ಮಲಗಿಸಿ ಅಳೆದು "ಸಿರೆ ಸಣ್ಣದು" ಎಂದು ಬರೆದ ವರದಿಗಳಿಗೆ ಲೆಕ್ಕವಿಲ್ಲ.

ಡ್ಯೂಟಿ ಡಾಕ್ಟ್ರಿಗೆ ಒಂದು ಕೋರಿಕೆ. ಕೈಯಲ್ಲಿ ಸಿರೆ ಸಿಗಲಿಲ್ಲವೆಂದು ಹಿಮ್ಮಡಿ ಗಂಟಿನ ಒಳಮಗ್ಗುಲಿಗೆ ಕ್ಯಾನ್ಯುಲಾ ಹಾಕಬೇಡಿ. ಯಾವ ಕಾಲಿಗೂ ಬೇಡ. ನಮಗೆ ಬೇಕಾದ ಸಿರೆ ಅದೇ.

ಕಾಮನ್ ಫೆಮೊರಲ್‌ನಲ್ಲಿ ಸುಣ್ಣದ ಗಡ್ಡೆ ಇದ್ದಿದ್ದರೆ ಚರ್ಚೆಯೇ ಬೇಕಿರಲಿಲ್ಲ. ಅದು ಕೆತ್ತಿ ತೆಗೆಯುವ ಜಾಗ, ಸ್ಟೆಂಟಿನ ಜಾಗವಲ್ಲ. ಸ್ಟೆಂಟ್ ಹಾಕಿದರೆ ಪ್ರೊಫಂಡಾ ಬಾಯಿ ಮುಚ್ಚುವ ಭಯ, ಮುಂದೆ ಚುಚ್ಚಲೂ ಆಗದು, ಹೊಲಿಯಲೂ ಆಗದು. ಇವರಿಗೆ ಅದು ಸ್ವಚ್ಛ ಇದೆ, ಅದೃಷ್ಟ.

---

ರೇಡಿಯೋ_ಸೂಜಿ:

ಸಿರೆ ಅಳೆಯಬೇಕೆಂಬುದು ನ್ಯಾಯ, ನಾನು ಬರೆಯಬೇಕಿತ್ತು. ಆದರೆ ಒಂದೇ ಪ್ರಯೋಗ ಹೇಳಿ ನಿಲ್ಲಿಸಬಾರದು. ಬ್ರಿಟನ್ನಿನ ಬೇಸಿಲ್-2, 2023, 345 ಜನ, ಎಲ್ಲರಿಗೂ ಮಂಡಿ ಕೆಳಗಿನ ನಾಳಕ್ಕೆ ಕೆಲಸ ಬೇಕಿತ್ತು. ದೊಡ್ಡ ಅಂಗಚ್ಛೇದ ಅಥವಾ ಸಾವು ಬೈಪಾಸ್ ಮೊದಲು ಮಾಡಿದವರಲ್ಲಿ ಶೇ. 63, ಬಲೂನು ಮೊದಲು ಮಾಡಿದವರಲ್ಲಿ ಶೇ. 53. ಪೂರ್ತಿ ತಿರುಗುಮುರುಗು.

---

ಕತ್ತರಿ_ದಾರ:

ತಿರುಗುಮುರುಗು ಅಲ್ಲ, ಅಳತೆಗೋಲು ಬೇರೆ. ಬೆಸ್ಟ್-ಸಿಎಲ್‌ಐ ದೊಡ್ಡ ಮರುಚಿಕಿತ್ಸೆಯನ್ನೂ ಸೋಲೆಂದು ಎಣಿಸಿತು, ಬಲೂನು ಅಲ್ಲೇ ಹಿಂದೆ ಬಿತ್ತು. ಬೇಸಿಲ್-2ರಲ್ಲಿ ವ್ಯತ್ಯಾಸ ಬಂದದ್ದು ಮುಖ್ಯವಾಗಿ ಸಾವಿನಿಂದ, ಕಾಲು ಕಳೆದುಕೊಂಡದ್ದರಿಂದಲ್ಲ. ಹಾಗಾಗಿ ನಾನು ಓದುವುದು ಹೀಗೆ: ಎರಡು ವರ್ಷಕ್ಕಿಂತ ಹೆಚ್ಚು ಬಾಳುವಂತಿರುವವರು, ಒಳ್ಳೆಯ ಸಿರೆ, ಹೃದಯ ತಡೆಯುತ್ತದೆ, ಪಾದದಲ್ಲಿ ಹೊಲಿಯಲು ನಾಳ ಇದೆ ಎಂದರೆ ಬೈಪಾಸ್ ಮೇಲು. ಇದರಲ್ಲಿ ಒಂದು ಇಲ್ಲದಿದ್ದರೂ ಸೂಜಿ ಮೊದಲು.

ಈ ರೋಗಿಗೆ? ಕ್ರಿಯಾಟಿನಿನ್ 1.9, ಇಎಫ್ 45, ಆಂಟೀರಿಯರ್ ಟಿಬಿಯಲ್ ಅರ್ಧ ಕೆಟ್ಟಿದೆ. ನಾನಾದರೂ ಮೊದಲು ಸೂಜಿಗೇ ಕಳಿಸುತ್ತೇನೆ. ಷರತ್ತು ಒಂದೇ, ಸೂಜಿ ಸೋತರೂ ಪಾಪ್ಲಿಟಿಯಲ್ ಮತ್ತು ಪಾದದ ನಾಳ ನನಗೆ ಉಳಿದಿರಬೇಕು. ಸ್ಟೆಂಟ್ ಮೇಲೆ ಸ್ಟೆಂಟ್ ಇಳಿಸಿ ಮೀನಖಂಡದ ತನಕ ಲೋಹದ ಕೊಳವೆ ಮಾಡಿ ಆಮೇಲೆ "ಬೈಪಾಸ್ ನೋಡಿ" ಎಂದರೆ ಹೊಲಿಯಲು ಜಾಗ ಎಲ್ಲಿ?

---

ಕ್ಯಾಥ್‌ಲ್ಯಾಬ್_ಟೇಬಲ್:

ತಂತ್ರಜ್ಞರ ಕಡೆಯಿಂದ. ದೊಡ್ಡವರ ಚರ್ಚೆಯಲ್ಲಿ ಬಾರದ, ಆದರೆ ಕೇಸ್ ಕೆಡಿಸುವ ಸಣ್ಣ ಸಂಗತಿಗಳು.

ಜಾರು ವೈರನ್ನು ಲೋಹದ ಚುಚ್ಚುಸೂಜಿಯೊಳಗಿಂದ ಹಿಂದಕ್ಕೆ ಎಳೆಯಬಾರದು. ಸೂಜಿಯ ಅಂಚು ಮೇಲಿನ ಲೇಪವನ್ನು ಸಿಪ್ಪೆಯಂತೆ ಸುಲಿಯುತ್ತದೆ, ಸುಲಿದದ್ದು ಪಾದಕ್ಕೆ ಹೋಗಿ ಕೂರುತ್ತದೆ. ಮೊದಲ ವೈರ್ ಸಾದಾ ಸ್ಪ್ರಿಂಗ್ ವೈರ್ ಇರಲಿ, ಶೀತ್ ಕೂತ ಮೇಲೆ ಜಾರು ವೈರ್. ಒಣಗಿದರೆ ಅದು ಜಾರುವುದಿಲ್ಲ, ಅಂಟುತ್ತದೆ. ಪ್ರತಿ ಸಲ ಹೆಪಾರಿನ್ ಸಲೈನಿನಲ್ಲಿ ಒದ್ದೆ ಮಾಡಿ ಕೊಡಬೇಕು. ನಾವು 500 ಮಿ.ಲೀ.ಗೆ 1000 ಯೂನಿಟ್ ಬೆರೆಸುತ್ತೇವೆ.

ಶಾಫ್ಟ್ 150 ಸೆಂ.ಮೀ.ನ ಓವರ್-ದ-ವೈರ್ ಬಲೂನಿಗೆ 300 ಸೆಂ.ಮೀ. ವೈರ್ ಬೇಕು. 190ರ ವೈರ್ ಒಳಗಿಟ್ಟು ಬ್ಲಾಕ್ ದಾಟಿದ ಮೇಲೆ ಈ ವಿಷಯ ನೆನಪಾದರೆ, ಅರ್ಧ ಗಂಟೆ ಪಟ್ಟ ಪಾಡು ನೀರುಪಾಲು. ಸಾಮಾನು ತೆರೆಯುವ ಮೊದಲೇ ಚುಚ್ಚುವ ಕಡೆಯಿಂದ ಪಾದದ ತನಕ ದೂರ ಕೂಡಿಸಿ ನೋಡಿ.

ಉದ್ದ ಬಲೂನು ಇಳಿಯಲು ಸಮಯ ಹಿಡಿಯುತ್ತದೆ. ಕಾಂಟ್ರಾಸ್ಟ್ ಮತ್ತು ಸಲೈನ್ ಸಮ ಪ್ರಮಾಣದಲ್ಲಿ ಬೆರೆಸಿ ತುಂಬಿದರೆ ಬೇಗ ಇಳಿಯುತ್ತದೆ, ಬರೀ ಕಾಂಟ್ರಾಸ್ಟ್ ತುಂಬಿದರೆ ಅಂಟಂಟಾಗಿ ನಿಧಾನ. ಪರದೆಯ ಮೇಲೆ ಪೂರ್ತಿ ಖಾಲಿ ಕಾಣುವ ತನಕ ಎಳೆಯುವಂತಿಲ್ಲ. ಅರ್ಧ ಇಳಿದ ಬಲೂನು ಎಳೆದರೆ ಶೀತ್ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ.

ಔಷಧ ಲೇಪಿತ ಬಲೂನನ್ನು ಬೆರಳಲ್ಲಿ ಮುಟ್ಟುವುದು, ಸಲೈನಿನಲ್ಲಿ ಅದ್ದುವುದು, ಗಾಜ್ ಬಟ್ಟೆಯಲ್ಲಿ ಒರೆಸುವುದು ಯಾವುದೂ ಬೇಡ. ರಕ್ತಕ್ಕಿಳಿದ ಕ್ಷಣದಿಂದ ಔಷಧ ತೊಳೆದು ಹೋಗುತ್ತಿರುತ್ತದೆ. ಆದ್ದರಿಂದ ದಾರಿ ಮೊದಲೇ ಸಾದಾ ಬಲೂನಿನಿಂದ ತೆರೆದಿರಬೇಕು, ನೇರ ಹೋಗಿ ಉಬ್ಬಿಸಬೇಕು, 3 ನಿಮಿಷ. ಸಾದಾ ಬಲೂನು ಮುಟ್ಟಿದ ಉದ್ದಕ್ಕಿಂತ ಎರಡೂ ತುದಿಗೆ ಒಂದೊಂದು ಸೆಂ.ಮೀ. ಜಾಸ್ತಿ ಆವರಿಸಬೇಕು. ಮರೆತ ಆ ಒಂದು ಸೆಂ.ಮೀ.ನಲ್ಲೇ ಆರು ತಿಂಗಳ ಬಿಗಿತ ಬರುತ್ತದೆ. ಒಮ್ಮೆ ಉಬ್ಬಿಸಿದ್ದನ್ನು ಇನ್ನೊಂದು ಜಾಗಕ್ಕೆ ಬಳಸಿದರೆ ಅದು ಬರೀ ದುಬಾರಿ ಸಾದಾ ಬಲೂನು.

ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಚಿತ್ರದ ಬಗ್ಗೆ ಎಚ್ಚರ. ಸಿಲಿಂಡರನ್ನು ನೇರ ಕ್ಯಾಥೆಟರಿಗೆ ಜೋಡಿಸಲೇಬಾರದು, ನಡುವೆ ಚೀಲದ ವ್ಯವಸ್ಥೆ ಬೇಕು. ಒಳಗೆ ಕೋಣೆಯ ಗಾಳಿ ಸೇರಿದರೆ ಪ್ರಾಣಕ್ಕೆ ಸಂಚಕಾರ. ಎರಡು ಚಿತ್ರದ ನಡುವೆ 2–3 ನಿಮಿಷ ಬಿಡುವು. ಡಯಾಫ್ರಮ್ ಮೇಲಿನ ಅಪಧಮನಿಗೆ ಇದು ಎಂದೂ ಇಲ್ಲ.

---

ವಾರ್ಡ್_ಸಿಸ್ಟರ್:

ಮುಗಿಸಿ ವಾರ್ಡಿಗೆ ಬಂದ ಮೇಲೆ ಏನು ನೋಡಬೇಕೆಂದು ಡಾಕ್ಟ್ರು ಕೇಳಿಲ್ಲ, ಆದರೆ ಮೂರನೇ ದಿನ ರೋಗಿ ತಾಲೂಕಿಗೇ ವಾಪಸ್ ಬರುವುದರಿಂದ ಹೇಳುತ್ತೇನೆ.

ಕೈಯಲ್ಲಿ ಅದುಮಿ ರಕ್ತ ನಿಲ್ಲಿಸಿದ್ದರೆ 15–20 ನಿಮಿಷ ಅದುಮಿ, ಆಮೇಲೆ 4–6 ಗಂಟೆ ಕಾಲು ನೀಟ. ತಲೆ ಕಡೆ 30 ಡಿಗ್ರಿಗಿಂತ ಎತ್ತಬಾರದು. ಕೆಮ್ಮು ಬಂದರೆ ತೊಡೆಸಂದಿಗೆ ಅಂಗೈ ಒತ್ತಿಕೊಳ್ಳಲು ಹೇಳಿಕೊಡಿ. ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ ತೊಡೆಸಂದು, ಪಾದದ ಬಿಸಿ, ಡಾಪ್ಲರ್ ಸದ್ದು. ಸದ್ದು ಸಿಕ್ಕ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಬಿಡಿ, ರಾತ್ರಿ ಪಾಳಿಯವರು ಹುಡುಕುತ್ತಾ ಕೂರುವುದು ತಪ್ಪುತ್ತದೆ.

ನಮಗೆ ಭಯ ಊದಿಕೊಂಡ ತೊಡೆಸಂದಿನದ್ದಲ್ಲ, ಅದು ಕಣ್ಣಿಗೆ ಕಾಣುತ್ತದೆ. ಭಯ ಇರುವುದು ತೊಡೆಸಂದು ಮೆತ್ತಗಿದ್ದು, ರೋಗಿ ಸೊಂಟ ನೋವು, ಬೆನ್ನು ನೋವು ಎನ್ನುತ್ತಾ ಬೆವರಿ, ಬಿ.ಪಿ. ಇಳಿಯುತ್ತಿದ್ದರೆ. ಹೊಟ್ಟೆಯ ಹಿಂಭಾಗಕ್ಕೆ ರಕ್ತ ಹೋಗುತ್ತಿದೆ ಎಂದೇ ತಿಳಿಯಬೇಕು. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಇಲ್ಲ, ನಾಡಿ ಸರಿಯಿದೆ ಎಂದು ನಂಬಿ ಕೂರಬೇಡಿ. "ಮಲಗಿ ಮಲಗಿ ಬೆನ್ನು ನೋವು" ಎಂದು ನೋವಿನ ಇಂಜೆಕ್ಷನ್ ಕೊಟ್ಟು ಬೆಳಗಿನ ತನಕ ಬಿಡುವುದೇ ಇಲ್ಲಿ ಆಗುವ ತಪ್ಪು.

ಪಾದ ಇದ್ದಕ್ಕಿದ್ದಂತೆ ತಣ್ಣಗಾದರೆ, ಹೊಸ ಬೆರಳು ನೀಲಿಯಾದರೆ, ಸಿಗುತ್ತಿದ್ದ ಸದ್ದು ಹೋದರೆ ಅದು ಗಂಟೆಗಳ ಲೆಕ್ಕದ ತುರ್ತು. ಚೂರು ಕೆಳಗಿಳಿದು ಸಿಕ್ಕಿಕೊಂಡಿರಬಹುದು ಅಥವಾ ತೆರೆದದ್ದು ಹೆಪ್ಪುಗಟ್ಟಿರಬಹುದು. ಮೀನಖಂಡ ಕಲ್ಲಿನಂತೆ ಬಿಗಿದು, ಬೆರಳನ್ನು ನಾವು ಮೇಲಕ್ಕೆ ಮಡಚಿದರೆ ಕಿರುಚುವಷ್ಟು ನೋವಾದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಅಂದರೆ ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ನಿಲ್ಲುವುದು. ದಿಢೀರ್ ಮುಚ್ಚಿದ ನಾಳ ತೆರೆದಾಗ ಅದು ಹೆಚ್ಚು, ಇಂಥ ಹಳೇ ಬ್ಲಾಕಿನಲ್ಲಿ ಕಡಿಮೆ.

ಪಾದ ಬೆಚ್ಚಗಾದ ಮೇಲೆ ಊತ ಬರುತ್ತದೆ, ಮನೆಯವರು ಹೆದರುತ್ತಾರೆ. ರಕ್ತ ಹೊಸದಾಗಿ ಬಂದ ಪಾದ ಸ್ವಲ್ಪ ಊದುವುದು ಸಹಜ. ಬಿಗಿ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ. ಬಿಸಿನೀರ ಚೀಲವಂತೂ ಬೇಡವೇ ಬೇಡ, ಸ್ಪರ್ಶ ಇಲ್ಲದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.

---

ತಾಲೂಕು_ಡ್ಯೂಟಿ:

ಎಲ್ಲರಿಗೂ ಧನ್ಯವಾದ. ಸಿರೆ ಅಳೆಸಿದೆ. ಬಲಗಾಲಿನದು ಮಂಡಿ ಕೆಳಗೆ 2.1 ಮಿ.ಮೀ., ಎಡಗಾಲಿನದು ಉದ್ದಕ್ಕೂ 3.2. ಕ್ಯಾನ್ಯುಲಾ ಕೈಯಲ್ಲೇ ಇದೆ! ಇನ್ನೆರಡು ಸಂಶಯ. ಮಾತ್ರೆ ಯಾವುದು, ಎಷ್ಟು ದಿನ? ಬೆರಳು ತೆಗೆಯುವುದು ಯಾವಾಗ?

ಜೊತೆಗೆ ಇನ್ನೊಬ್ಬ ರೋಗಿ: 34 ವರ್ಷ, ದಿನಕ್ಕೆ ಎರಡು ಕಟ್ಟು ಬೀಡಿ, ಸಕ್ಕರೆ ಇಲ್ಲ, ಎರಡೂ ಪಾದದ ಬೆರಳು ತುದಿ ಕಪ್ಪು. ಅವರನ್ನೂ ಇದೇ ಗಾಡಿಯಲ್ಲಿ ಬಲೂನಿಗೆ ಕಳಿಸಲೆ?

---

ಕತ್ತರಿ_ದಾರ:

ಎಡಗಾಲಿನ ಸಿರೆ ಒಳ್ಳೆಯದು. ರೆಫರಲ್ ಚೀಟಿಯಲ್ಲಿ ಆ ಅಳತೆಯನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಬೀಡಿಯವರದು ಬೇರೆಯೇ ಕಾಯಿಲೆ ಇರಬೇಕು, ಬರ್ಗರ್ಸ್. ಅದು ಸಣ್ಣ ನಾಳಗಳ ಉರಿಯೂತ, ಮಂಡಿ ಮೇಲಿನದು ಸಾಮಾನ್ಯವಾಗಿ ಸ್ವಚ್ಛ, ಕೆಳಗೆ ತಿರುಪುಮೊಳೆಯಂತೆ ಸುರುಳಿ ಸುರುಳಿ ಬಳಸುದಾರಿಗಳು. ಬಲೂನಿಗೂ ಬೈಪಾಸಿಗೂ ಇಳಿಯಲು ಕೆಳಗೆ ಜಾಗವೇ ಇರುವುದಿಲ್ಲ. ಅವರಿಗೆ ಚಿಕಿತ್ಸೆ ಅಂದರೆ ಬೀಡಿ ಬಿಡುವುದು. ಕಡಿಮೆ ಮಾಡುವುದಲ್ಲ, ಬಿಡುವುದು. ಗುಟ್ಕಾ, ಹೊಗೆಸೊಪ್ಪೂ ಸೇರಿ. ಕಳಿಸಿ, ನೋಡುತ್ತೇವೆ, ಆದರೆ ಮನೆಯವರಿಗೆ ಬಲೂನಿನ ಆಸೆ ಹುಟ್ಟಿಸಿ ಕಳಿಸಬೇಡಿ.

---

ರೇಡಿಯೋ_ಸೂಜಿ:

ಮಾತ್ರೆ. ಆಸ್ಪಿರಿನ್ 75 ಜೀವನಪೂರ್ತಿ. ಕ್ಲೋಪಿಡೋಗ್ರೆಲ್ 75 ಒಂದು ತಿಂಗಳು, ಸ್ಟೆಂಟ್ ಬಿದ್ದರೆ ಮೂರು ತಿಂಗಳ ತನಕ ಕೊಡುವವರಿದ್ದಾರೆ. ರಕ್ತಸ್ರಾವದ ಅಪಾಯ ಕಡಿಮೆ ಇದ್ದರೆ ಆಸ್ಪಿರಿನ್ ಜೊತೆ ರಿವರಾಕ್ಸಬಾನ್ (ಹೆಪ್ಪು ತಡೆಯುವ ಮಾತ್ರೆ) 2.5 ಮಿ.ಗ್ರಾಂ ದಿನಕ್ಕೆರಡು ಬಾರಿ. ಇದಕ್ಕೆ ಆಧಾರ 2020ರ ವಾಯೇಜರ್ ಪಿಎಡಿ ಪ್ರಯೋಗ, 6,564 ಜನ, ಮೂರು ವರ್ಷದಲ್ಲಿ ಕಾಲು-ಹೃದಯ-ಮೆದುಳಿನ ದೊಡ್ಡ ಅವಘಡ ಶೇ. 19.9ರಿಂದ 17.3ಕ್ಕೆ ಇಳಿಯಿತು. ಇಲ್ಲಿ ಎರಡು ತಪ್ಪು ಸಾಮಾನ್ಯ. ಮೂರೂ ಮಾತ್ರೆ ಒಂದು ತಿಂಗಳು ದಾಟಿ ಎಳೆಯುವುದು ಒಂದು, ರಕ್ತಸ್ರಾವ ಏರುತ್ತದೆ. ಇನ್ನೊಂದು, 2.5ರ ಬದಲು ಅಂಗಡಿಯವರು 10 ಅಥವಾ 20 ಕೊಟ್ಟುಬಿಡುವುದು. ಚೀಟಿಯಲ್ಲಿ "ಎರಡೂವರೆ" ಎಂದು ಅಕ್ಷರದಲ್ಲೂ ಬರೆಯಿರಿ.

ಅಟೋರ್ವಾಸ್ಟಾಟಿನ್ 40–80, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ಕ್ಕಿಂತ ಕೆಳಗೆ. ಇದನ್ನು ಹೃದಯದವರಿಗೆ ಕೊಡುತ್ತಾರೆ, ಕಾಲಿನವರಿಗೆ ಮರೆಯುತ್ತಾರೆ. ಸಿಲೋಸ್ಟಜಾಲ್ ಯಾರಾದರೂ ಬರೆದಿದ್ದರೆ ಎಕೋ ತೋರಿಸಿ ನಿಲ್ಲಿಸಿ. ಹೃದಯ ವೈಫಲ್ಯ ಇರುವವರಿಗೆ ಅದು ನಿಷಿದ್ಧ, ಇಎಫ್ 45ರವರಿಗೆ ನಾನಂತೂ ಕೊಡುವುದಿಲ್ಲ. ಅಲ್ಲದೆ ಅದು ನಡೆದಾಗ ಬರುವ ಸೆಳೆತಕ್ಕೆ, ಹುಣ್ಣು ವಾಸಿಮಾಡುವ ಮಾತ್ರೆಯಲ್ಲ.

ಬೆರಳು. ಮರುದಿನವೇ ಬೆರಳ ಒತ್ತಡ ಅಳೆಯಿರಿ, ಕಪ್ಪು ಬೆರಳಿಗೆ ಕಫ್ ಹಾಕಲಾಗದಿದ್ದರೆ ಪಕ್ಕದ ಬೆರಳಿಗೆ. 24 ಇದ್ದದ್ದು 30 ದಾಟದಿದ್ದರೆ ಕತ್ತರಿಸುವ ಮಾತಿಲ್ಲ, ಮತ್ತೆ ಚಿತ್ರ ನೋಡಬೇಕು, ಎಡಗಾಲಿನ ಸಿರೆ ನೆನಪಿಸಿಕೊಳ್ಳಬೇಕು. ಒತ್ತಡ ಚೆನ್ನಾಗಿ ಏರಿ, ಒಣಗಿದ್ದು ಒಣಗಿದ ಹಾಗೇ ಇದ್ದರೆ ಅವಸರ ಬೇಡ. ಚರ್ಮದ ಆಮ್ಲಜನಕ ತನ್ನ ಗರಿಷ್ಠಕ್ಕೆ ಬರಲು 3–4 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಗೆರೆ ತಾನಾಗಿ ಬೀಳುತ್ತದೆ, ಗೆರೆಯಲ್ಲೇ ತೆಗೆದರೆ ಕಡಿಮೆ ಹೋಗುತ್ತದೆ. ಹಸಿಯಾಯಿತೋ, ಆ ದಿನವೇ.

ಆದರೆ ತಿಂಗಳುಗಟ್ಟಲೆ ಕಾಯುತ್ತಾ ಕೂರುವಂತೆಯೂ ಇಲ್ಲ. ಟಿಬಿಯಲ್ ನಾಳ ಮೂರರಿಂದ ಆರು ತಿಂಗಳಲ್ಲಿ ಮತ್ತೆ ಬಿಗಿಯುವುದು ಮಾಮೂಲು. ಹುಣ್ಣು ಆ ಅವಧಿಯೊಳಗೆ ಮುಚ್ಚಬೇಕು. ಮುಚ್ಚಿದ ಮೇಲೆ ಬಿಗಿದರೂ ಪಾದ ಎಷ್ಟೋ ಸಲ ತಡೆದುಕೊಳ್ಳುತ್ತದೆ, ಹುಣ್ಣು ಮುಚ್ಚಲು ಬೇಕಾದಷ್ಟು ರಕ್ತ ಮುಚ್ಚಿದ ಚರ್ಮ ಉಳಿಸಿಕೊಳ್ಳಲು ಬೇಡ. ಹಾಗಾಗಿ ವಾರಕ್ಕೊಮ್ಮೆ ಹುಣ್ಣನ್ನು ಅಳೆದು ಬರೆದಿಡಿ. ನಾಲ್ಕು ವಾರದಲ್ಲಿ ವಿಸ್ತೀರ್ಣ ಅರ್ಧಕ್ಕೂ ಇಳಿಯದಿದ್ದರೆ ಅಥವಾ ಕುಗ್ಗುತ್ತಿದ್ದದ್ದು ನಿಂತುಬಿಟ್ಟರೆ ಆಂಟಿಬಯಾಟಿಕ್ ಬದಲಿಸುತ್ತಾ ಕೂರಬೇಡಿ, ಡಾಪ್ಲರ್ ಮಾಡಿಸಿ. ಬಿಗಿದ ಜಾಗದ ವೇಗ ಅದರ ಮೇಲಿನ ವೇಗಕ್ಕಿಂತ ಎರಡೂವರೆ ಪಟ್ಟು ಆಗಿದ್ದರೆ ಮರಳಿ ಕಳಿಸಿ. ಹುಣ್ಣು ಚೆನ್ನಾಗಿ ಮುಚ್ಚುತ್ತಿದ್ದರೂ 1, 3, 6, 12 ತಿಂಗಳಿಗೊಮ್ಮೆ ಡಾಪ್ಲರ್ ಇರಲಿ.

ಹೊರಡುವಾಗ ಮೆಟ್‌ಫಾರ್ಮಿನ್ ನಿಲ್ಲಿಸಿ, ಚಿಕಿತ್ಸೆಯಾಗಿ 48 ಗಂಟೆಗೆ ಕ್ರಿಯಾಟಿನಿನ್ ನೋಡಿ ಮತ್ತೆ ಕೊಡಿ. ಆಸ್ಪಿರಿನ್ ನಿಲ್ಲಿಸಬೇಡಿ. ಗಾಡಿಯಲ್ಲಿ ಹಿಮ್ಮಡಿ ಸ್ಟ್ರೆಚರಿಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಕಾಲು ಎತ್ತರಿಸಿ ಕಟ್ಟಬೇಡಿ, ರಕ್ತ ಮೊದಲೇ ಹತ್ತುತ್ತಿಲ್ಲ.